ಸುಸ್ತು ಅಂದ್ರೆ ಸೋಮಾರಿತನ ಅಲ್ಲ

ಇವತ್ತು ನಾನು ಮಾತಾಡೋದು ಒಂದು ಸಣ್ಣ ಪದದ ಬಗ್ಗೆ: ಸುಸ್ತು. ಮಂಗಳೂರಿನವರು ತುಳುವಿನಲ್ಲಿ 'ಬಚ್ಚುಂಡು' ಅಂತಾರೆ, ಉತ್ತರ ಕರ್ನಾಟಕದವರು 'ಸಾಕಾಗೇದ' ಅಂತಾರೆ. ಜ್ವರ ಬಿಟ್ಟ ಮೇಲಿನದು ನಿತ್ರಾಣ, ದುಡಿದು ಬಂದದ್ದು ದಣಿವು. ನಮ್ಮ ನಮ್ಮಲ್ಲಿ ಇದೆಲ್ಲ ಅರ್ಥವಾಗುತ್ತೆ. ತೊಂದರೆ ಇರೋದು ಸೈಟಿನಲ್ಲಿ.

'ಸುಸ್ತು' ಪಾರಸಿಯಿಂದ ಬಂದ ಪದ. ಅಲ್ಲಿ ಅದಕ್ಕೆ ಸಡಿಲ, ದುರ್ಬಲ ಅನ್ನೋ ಅರ್ಥ. ಕನ್ನಡಕ್ಕೆ ಬಂದು ಆಯಾಸ ಆಯ್ತು. ಹಿಂದಿಯಲ್ಲಿ 'ಸುಸ್ತ್' ಅಂದ್ರೆ ಸೋಮಾರಿ, ಮಂದ! ಹಿಂದಿ ಮಾತಾಡೋ ಫೋರ್‌ಮನ್‌ಗೆ ನೀವು 'ಸುಸ್ತ್ ಹೂಂ' ಅಂದ್ರೆ, 'ನಾನು ಸೋಮಾರಿ' ಅಂತ ನೀವೇ ಒಪ್ಪಿಕೊಂಡ ಹಾಗೆ. 'ಥಕ್ ಗಯಾ ಹೂಂ' ಅನ್ನಿ.

ಅರಬ್ಬಿಯಲ್ಲಿ 'ಅನಾ ತಅಬಾನ್' ಅಂದ್ರೆ ದಣಿದಿದ್ದೇನೆ. ಆಡುಮಾತಿನಲ್ಲಿ 'ಮೈ ಹುಷಾರಿಲ್ಲ' ಅಂತಲೂ ಆಗುತ್ತೆ. ತಲೆಸುತ್ತಿಗೆ 'ದೋಖಾ' ಅಂತಾರೆ. ನಮಗೆ ದೋಖಾ ಅಂದ್ರೆ ಮೋಸ, ಅವರಿಗೆ ತಲೆಸುತ್ತು. ನಗು ಬರುತ್ತೆ, ಆದ್ರೆ ಈ ಪದ ನೆನಪಿಟ್ಟುಕೊಳ್ಳಿ.

ಇನ್ನೊಂದು ವಿಷಯ. ಅರಬ್ಬಿಯವರು, ಇಟಲಿಯವರು 'ನಾನು ದಣಿದವನು' ಅನ್ನೋ ರೀತಿ ಹೇಳ್ತಾರೆ. ಇಟಲಿಯಲ್ಲಿ ಗಂಡಸು 'ಸ್ಟಾಂಕೋ', ಹೆಂಗಸು 'ಸ್ಟಾಂಕಾ'. ನಾವು 'ನನಗೆ ಸುಸ್ತಾಗಿದೆ' ಅಂತೀವಿ. ಸುಸ್ತು ನಮ್ಮ ಗುಣ ಅಲ್ಲ, ನಮಗೆ ಆಗಿರೋದು. ಹಾಗಾಗಿ ಹೇಳೋಕೆ ನಾಚಿಕೆ ಬೇಡ.

ಒಮಾನಿನ ಕಾನೂನೂ ಇದನ್ನೇ ಒಪ್ಪುತ್ತೆ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನಲ್ಲಿ, ಕಟ್ಟಡದ ಸೈಟಿನಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಅದು ಯಾರೂ ಕೊಡೋ ಉಪಕಾರ ಅಲ್ಲ, ನಿಯಮ.

ಬಿಸಿಲಿನ ಸುಸ್ತಿಗೆ ತಲೆನೋವು, ವಾಕರಿಕೆ, ಸ್ನಾಯುಸೆಳೆತ, ತಲೆಸುತ್ತು ಸೇರಿದರೆ ಕೆಲಸ ನಿಲ್ಲಿಸಿ, ನೆರಳಿಗೆ ಬನ್ನಿ, ನೀರು ಕುಡೀರಿ. ಜೊತೆಯವನು ಅಸಂಬದ್ಧವಾಗಿ ಮಾತಾಡಿದ್ರೆ, ಪ್ರಜ್ಞೆ ತಪ್ಪಿದ್ರೆ ಮೈಗೆ ನೀರು ಹಾಕಿ ತಂಪು ಮಾಡಿ, ತಕ್ಷಣ 9999ಕ್ಕೆ ಫೋನ್ ಮಾಡಿ. ಅದು ಸುಸ್ತಲ್ಲ, ಜೀವಕ್ಕೇ ಅಪಾಯ.

ಊರಿಗೆ ಫೋನ್ ಮಾಡಿದಾಗ 'ಆರಾಮಿದೀನಿ' ಅಂತೀವಿ. ಅಮ್ಮನಿಗೆ ಹಾಗೇ ಹೇಳಿ, ಪರವಾಗಿಲ್ಲ. ಆದ್ರೆ ಪಕ್ಕದ ಮಂಚದ ಗೆಳೆಯನಿಗೆ, ಡಾಕ್ಟರಿಗೆ ನಿಜ ಹೇಳಿ. ಅವನು ಹೇಳಿದಾಗ 'ಏನೋ ನಾಟಕ' ಅನ್ನಬೇಡಿ. ನಮ್ಮಲ್ಲಿ ಒಳ್ಳೆ ಮಾತೊಂದಿದೆ: 'ಸ್ವಲ್ಪ ಸುಧಾರಿಸ್ಕೊಳ್ಳಪ್ಪ.' ಅದನ್ನು ಹೇಳಿ, ಒಂದು ಲೋಟ ನೀರು ಕೊಡಿ.