ರಕ್ಷಣೆಯಿಂದ ತರಬೇತಿಗೆ: ಬೆಕೆನ್‌ಬಾವರ್

ಫುಟ್‌ಬಾಲ್‌ನ ರಕ್ಷಣಾ ಆಟಗಾರನೆಂದರೆ ಎದುರಾಳಿಯ ದಾಳಿಯನ್ನು ತಡೆಯುವವನಷ್ಟೇ ಎಂಬ ಎಣಿಕೆಯನ್ನು ಬದಲಿಸಿದವರಲ್ಲಿ ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್ ಪ್ರಮುಖರು. ಅವರು ಆಡುತ್ತಿದ್ದುದು 'ಲಿಬೆರೊ' ಆಗಿ, ಅಂದರೆ ನಿರ್ದಿಷ್ಟ ಎದುರಾಳಿಯನ್ನು ಕಾಯುವ ಹೊಣೆಯಿಲ್ಲದೆ ರಕ್ಷಣಾ ಸಾಲಿನ ಹಿಂದಿರುವ ಸ್ವತಂತ್ರ ಆಟಗಾರನಾಗಿ. ಅಲ್ಲಿಂದಲೇ ಚೆಂಡನ್ನು ಮುಂದೊಯ್ದು ದಾಳಿಗೆ ನಾಂದಿ ಹಾಡುತ್ತಿದ್ದರು. 1970ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಭುಜದ ಕೀಲು ತಪ್ಪಿದಾಗ, ಬದಲಿ ಆಟಗಾರರ ಅವಕಾಶ ಮುಗಿದಿದ್ದರಿಂದ, ತೋಳನ್ನು ಎದೆಗೆ ಕಟ್ಟಿಸಿಕೊಂಡೇ ಇಟಲಿಯ ವಿರುದ್ಧ ಆಡಿದರು. 1974ರಲ್ಲಿ ನಾಯಕರಾಗಿ ವಿಶ್ವಕಪ್ ಎತ್ತಿದರು. 1984ರಲ್ಲಿ, ತರಬೇತುದಾರರ ಪರವಾನಗಿಯೇ ಇಲ್ಲದೆ ಪಶ್ಚಿಮ ಜರ್ಮನಿ ತಂಡದ ಹೊಣೆ ಹೊತ್ತ ಅವರು, 1986ರ ಫೈನಲ್‌ನಲ್ಲಿ ಅರ್ಜೆಂಟೀನಾಕ್ಕೆ ಸೋತು, 1990ರಲ್ಲಿ ಅದೇ ತಂಡವನ್ನು 85ನೇ ನಿಮಿಷದ ಪೆನಾಲ್ಟಿಯಿಂದ ಮಣಿಸಿದರು. ಸೊಗಸಾದ ಗೆಲುವೇನೂ ಅಲ್ಲ. ಆದರೂ ನಾಯಕರಾಗಿಯೂ ತರಬೇತುದಾರರಾಗಿಯೂ ವಿಶ್ವಕಪ್ ಗೆದ್ದವರಲ್ಲಿ ಅವರೇ ಮೊದಲಿಗರು.