ಬೆಳಗು



ಮದಕರಿಪುರದಲ್ಲಿ ತಂಗಿದ್ದ ದಿನ ನಮಗೆ ಕೋಳಿ ಕೂಗುವ ಮೊದಲೇ ಎಚ್ಚರವಾಯಿತು. ಹಿತ್ತಲಲ್ಲಿ ತಾಯಿಯೊಬ್ಬರು ಬೂದಿ, ಹುಣಸೆಹಣ್ಣು ಹಚ್ಚಿ ತಂಬಿಗೆ ಬೆಳಗುತ್ತಿದ್ದರು. ಬಹಳ ಹೊತ್ತಿನ ಮೇಲೆ ಯಜಮಾನರು ಎದ್ದು, ‘ಬೆಳಗಾಯಿತೇನೇ?’ ಎಂದರು. ನಮಗೆ ನಗು ಬಂತು; ಆಮೇಲೆ ಯೋಚನೆಯೂ ಬಂತು.

ಬೆಳಗು ಎಂದರೆ ಹೊತ್ತು ಮೂಡುವ ವೇಳೆ. ಬಿಳಿ, ಬೆಳ್ಳಿ, ಬೆಳಕು ಇವು ಅದರ ಒಡಹುಟ್ಟಿದ ಮಾತುಗಳು. ದೀಪ ಬೆಳಗುತ್ತೇವೆ, ಆರತಿ ಬೆಳಗುತ್ತೇವೆ, ಪಾತ್ರೆಯನ್ನೂ ಬೆಳಗುತ್ತೇವೆ. ನಮ್ಮ ಹಿರಿಯರು ಪೂಜೆಗೂ ಮುಸುರೆಗೂ ಬೇರೆ ಮಾತು ಹುಡುಕಲಿಲ್ಲ.

ಆಕಾಶದ ಬೆಳಗು ತಾನಾಗಿ ಬರುತ್ತದೆ. ಪಾತ್ರೆಯ ಬೆಳಗು ತಿಕ್ಕದೆ ಬರುವುದಿಲ್ಲ. ಮನಸ್ಸು ಪಾತ್ರೆಯ ಜಾತಿಯದು. ನಿನ್ನೆ ಬೆಳಗಿದ್ದು ಇಂದಿಗೆ ಸಾಲದು. ‘ದಿನ ಬೆಳಗಾದರೆ ಇದೇ ಗೋಳು’ ಎನ್ನುವವನಿಗೆ ಹೊರಗೆ ಬೆಳಗಾಗಿದೆ, ಒಳಗೆ ಇನ್ನೂ ಕತ್ತಲೆ.

ಸೊಸೆ ಬಂದಾಗ ‘ಮನೆ ಬೆಳಗಮ್ಮಾ’ ಎಂದು ಹರಸುತ್ತೀರಿ. ಬೆಳಗಿನಿಂದ ಬೈಗಿನವರೆಗೆ ಅವಳು ಬೆಳಗಿದರೆ ಒಂದು ಒಳ್ಳೆಯ ಮಾತಿಗೂ ಬಡತನ! ಹನ್ನೆರಡನೆಯ ಶತಮಾನದ ಸತ್ಯಕ್ಕ ಭಕ್ತರ ಮನೆಯಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡ ಶರಣೆ. ಆಕೆಯ ವಚನಗಳನ್ನು ಭಕ್ತಿಯಿಂದ ಓದುತ್ತೇವೆ. ನಮ್ಮ ಅಂಗಳ ಗುಡಿಸುವವಳನ್ನು ಮಾತ್ರ ‘ಏ’ ಎಂದು ಕೂಗುತ್ತೇವೆ. ಇದೆಂಥ ಭಕ್ತಿ?

ನಾಳೆ ಪೂಜೆಗೆ ಕೂರುವ ಮೊದಲು ನಿಮ್ಮ ತಂಬಿಗೆಯನ್ನು ನೀವೇ ಬೆಳಗಿರಿ. ಕೈಗೆ ಹತ್ತಿದ ಮಸಿ ನೋಡಿರಿ. ಇಷ್ಟು ದಿನ ಅದು ಯಾರ ಕೈಯಲ್ಲಿತ್ತೆಂದು ನೆನೆಯಿರಿ. ನಿಮ್ಮ ಮನೆಗೆ ಅಂದು ಬೆಳಗಾಗುತ್ತದೆ.