ವಾದ್ಯದ ಮರ ಕೊಯ್ಯುವ ಗರಗಸ: ಯಂತ್ರಕ್ಕೆ ಮೊದಲು ಮರ ನೋಡೋಣ

(ಬೆಳ್ಳಿಹಬ್ಬದ ಪ್ರಯುಕ್ತ ಬಲ್ಮಠದಲ್ಲಿ ನಡೆದ ಸದಸ್ಯರ ಕೂಟದಲ್ಲಿ ಸಂಘದ ನಿರ್ದೇಶಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಗಾರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಸೀದಾ ತೋಟಕ್ಕೆ ಇಳಿದವನು. ಸಂಘದಿಂದ ಒಂದು ಬ್ಯಾಂಡ್ ಸಾ ತರಿಸಿ, ಸದಸ್ಯರ ಹಲಸಿನ ಮರವನ್ನು ವಾದ್ಯ ಮಾಡುವವರಿಗೆ ಬೇಕಾದಂತೆ ಹಲಗೆ ಕೊಯ್ದು ಕೊಡಬೇಕೆಂಬ ಮಾತು ಎರಡು ಮಹಾಸಭೆಗಳಲ್ಲಿ ಬಂದಿದೆ. ಅದಕ್ಕೆ ನಾಲ್ಕು ಮಾತು ಹೇಳಲು ನಿಂತಿದ್ದೇನೆ.

ನಮ್ಮ ಅಪ್ಪ ನೆಟ್ಟ ಹಲಸಿನ ಮರವೊಂದು ಒಂದು ಮಳೆಗಾಲದಲ್ಲಿ ಗಾಳಿಗೆ ಬಿತ್ತು. ಒಳ್ಳೆ ಹಳದಿ ತಿರುಳು. ಒಂದು ಮಿಲ್ಲಿಗೆ ಕೊಂಡುಹೋದೆ. ಅವರು ದೊಡ್ಡ ಚಕ್ರದ ಗರಗಸದಲ್ಲಿ ಕೊಯ್ದರು. ಹಲಗೆ ಒಂದು ತುದಿಯಲ್ಲಿ ಎಂಟು ಮಿ.ಮೀ., ಇನ್ನೊಂದು ತುದಿಯಲ್ಲಿ ಮೂರು. ವೀಣೆ ಮಾಡುವವರಿಗೆ ತೋರಿಸಿದೆ. ಅವರು ಬೆರಳಿನಿಂದ ತಟ್ಟಿ ನೋಡಿ, "ಮರ ಬಂಗಾರ, ಕೊಯ್ದದ್ದು ಹಾಳು" ಎಂದು ವಾಪಸು ಕೊಟ್ಟರು. ಆ ಹಲಗೆಗಳು ಈಗ ನಮ್ಮ ದನದ ಕೊಟ್ಟಿಗೆಯ ಅಟ್ಟದಲ್ಲಿ ಉಂಟು. ನೋಡುವಾಗೆಲ್ಲ ಹೊಟ್ಟೆ ಉರಿಯುತ್ತದೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಯಕ್ಷಗಾನದ ಮದ್ದಳೆಗೆ ಈ ಯಂತ್ರ ಬೇಡ. ಅದರ ಕಳಸಿಗೆಯನ್ನು ದಿಮ್ಮಿಯಿಂದಲೇ ಕೊರೆದು ತೆಗೆಯುವುದು. ವೀಣೆಯ ಕೊಡವೂ ಹಾಗೆಯೇ. ಬೇಕಾಗುವುದು ಕೊಡದ ಬಾಯಿ ಮುಚ್ಚುವ ತೆಳು ಹಲಗೆಗೆ, ತಂಬೂರಿಯ ಮುಖಕ್ಕೆ, ಶ್ರುತಿಪೆಟ್ಟಿಗೆಗೆ. ಬೀಟೆಯ ಆಸೆ ಯಾರಿಗೂ ಬೇಡ. ಅದಕ್ಕೆ ಅರಣ್ಯದ ಕಾನೂನು ಬೇರೆಯೇ ಇದೆ, 2017ರಿಂದ ಹೊರದೇಶದ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ನಿಯಂತ್ರಣ ಬಂದಿದೆ. ನಮ್ಮದು ಹಲಸೇ.

ಇನ್ನು ಲೆಕ್ಕ. ಆರು ಇಂಚು, ಅಂದರೆ 150 ಮಿ.ಮೀ. ದಪ್ಪದ ತುಂಡನ್ನು 5 ಮಿ.ಮೀ. ಹಲಗೆಗಳಾಗಿ ಕೊಯ್ಯುತ್ತೇವೆ ಎಂದಿಟ್ಟುಕೊಳ್ಳಿ. ಚಕ್ರದ ಗರಗಸ ಪ್ರತಿ ಸಲ 5 ಮಿ.ಮೀ. ಹುಡಿ ಮಾಡಿದರೆ ಸಿಗುವುದು 15 ಹಲಗೆ. ಬ್ಯಾಂಡ್ ಸಾ 3 ಮಿ.ಮೀ. ತಿಂದರೆ 19. ತೆಳು ಬ್ಲೇಡು ಒಂದೂವರೆ ಮಿ.ಮೀ. ತಿಂದರೆ 23. ಮರ ಅದೇ, ಎಂಟು ಹಲಗೆ ಹೆಚ್ಚು! ಹಾಗಾಗಿ ಯಂತ್ರ ಮಾರುವವರು ಎಷ್ಟು ಹೆಚ್.ಪಿ. ಎಂದು ಹೇಳುವಾಗ ನಾವು ಬ್ಲೇಡು ಎಷ್ಟು ತಿನ್ನುತ್ತದೆ ಎಂದು ಕೇಳಬೇಕು.

ಬ್ಲೇಡು ತೆಳುವಾದರೆ ಸಾಕೇ? ಸಾಲದು. ಬಿಗಿ ಸರಿಯಿಲ್ಲದಿದ್ದರೆ ಅದು ಮರದೊಳಗೆ ಹೊಟ್ಟೆ ಬಿಟ್ಟು ವಾಲುತ್ತದೆ. ಬಿಗಿ ತಡೆಯುವಷ್ಟು ಗಟ್ಟಿಯಾದ ಚೌಕಟ್ಟು ಬೇಕು. ಬ್ಲೇಡಿನ ದಪ್ಪ ಚಕ್ರದ ವ್ಯಾಸದ ಸಾವಿರದಲ್ಲಿ ಒಂದು ಪಾಲು ಇರಬೇಕೆಂಬುದು ಹಳೆ ಲೆಕ್ಕ. 36 ಇಂಚಿನ ಚಕ್ರಕ್ಕೆ ಸುಮಾರು 0.9 ಮಿ.ಮೀ. ಅದಕ್ಕಿಂತ ದಪ್ಪ ಹಾಕಿದರೆ ಬಗ್ಗಿ ಬಗ್ಗಿ ಬಿರುಕು ಬಿಡುತ್ತದೆ. ಹಲ್ಲು ಇಂಚಿಗೆ ಎರಡು ಮೂರು ಸಾಕು. ಎತ್ತರದ ಮರದಲ್ಲಿ ಹುಡಿ ಹಲ್ಲಿನ ಸಂದಿಯಲ್ಲೇ ಕೂತು ಹೊರಗೆ ಬರಬೇಕಲ್ಲ, ಸಣ್ಣ ಹಲ್ಲಾದರೆ ಕಟ್ಟಿಕೊಂಡು ಬಿಸಿಯಾಗುತ್ತದೆ. ಹಲಸಿನ ಮೇಣ ಗೊತ್ತಲ್ಲ ಮಾರಾಯ್ರೆ, ಹಸಿಮರ ಕೊಯ್ದರೆ ಬ್ಲೇಡಿಗೂ ಚಕ್ರಕ್ಕೂ ಮೆತ್ತುತ್ತದೆ. ಕೆಲಸ ಮುಗಿಸಿ ಯಂತ್ರ ನಿಲ್ಲಿಸಿದ ಮೇಲೆ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ಒರೆಸಬೇಕು. ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ, ಎಣ್ಣೆ ಹಚ್ಚಿ ತೂಗುಹಾಕಬೇಕು.

ಮೂರು ಫೇಸಿನ ಕರೆಂಟು, ಹುಡಿ ಎಳೆಯುವ ಪೈಪು, ಚಕ್ರಕ್ಕೆ ಮುಚ್ಚಳ, ಮೂಗಿಗೆ ಮಾಸ್ಕು, ಇವೆಲ್ಲ ಇರಲೇಬೇಕು. ಆದರೆ ಮುಖ್ಯ ಖರ್ಚು ನಾವು ಮರೆಯುವುದರಲ್ಲಿ ಉಂಟು. ಬ್ಲೇಡು ಸಾಣೆ ಹಿಡಿಯುವವರು ಯಾರು? ತುಂಡಾದರೆ ಬೆಸೆಯುವವರು ಯಾರು? ಕಾರ್ಬೈಡ್ ಹಲ್ಲಿನದು ಬಹಳ ದಿನ ಬಾಳುತ್ತದೆ, ಆದರೆ ಅದಕ್ಕೆ ಬೇರೆಯೇ ಸಾಣೆಯ ಯಂತ್ರ ಬೇಕು. ನಮ್ಮ ಹುಡುಗರಲ್ಲಿ ಇಬ್ಬರನ್ನು ಕಲಿಸಲು ಕಳಿಸದೆ ಯಂತ್ರ ತಂದರೆ ಅದು ಗೋದಾಮಿನಲ್ಲಿ ಕೂರುವುದೇ ಸೈ.

ಕೊಯ್ಯುವ ಕ್ರಮವೂ ಬೇರೆ. ಮರ ಒಣಗುವಾಗ ಬಳೆಯ ಸುತ್ತಿಗೆ ಕುಗ್ಗುವುದು, ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದಕ್ಕಿಂತ ಸುಮಾರು ಇಮ್ಮಡಿ. ಆದ್ದರಿಂದ ದಿಮ್ಮಿಯನ್ನು ನಾಲ್ಕು ಪಾಲು ಮಾಡಿ, ಬಳೆಗಳು ಹಲಗೆಗೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದರೆ ಹಲಗೆ ತಿರುಚುವುದು ಕಡಿಮೆ. ತುದಿಗಳಿಗೆ ಪೈಂಟ್ ಬಳಿದು, ನಡುವೆ ಪಟ್ಟಿ ಇಟ್ಟು ನೆರಳಿನಲ್ಲಿ ಅಟ್ಟಿ ಹಾಕಬೇಕು.

ನಾವು ಕೂತಿರುವ ಈ ಬಲ್ಮಠಕ್ಕೆ ಬಾಸೆಲ್ ಮಿಶನ್‌ನವರು ಕಲ್ಲಚ್ಚಿನ ಯಂತ್ರ ತಂದ ಕಾಲದಿಂದ ಮಂಗಳೂರಿಗೆ ಯಂತ್ರ ಹೊಸತಲ್ಲ. ಅವರ ಪ್ಲೆಬ್‌ಸ್ಟ್ ಎಂಬವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕುವ ಮೊದಲು ಇಲ್ಲಿನ ಮಣ್ಣು ಪರೀಕ್ಷೆ ಮಾಡಿದ್ದರು. ನಾವು ಮರ ಪರೀಕ್ಷೆ ಮಾಡೋಣ.

ಮರದ ಮಿಲ್ಲಿಗೆ ಅರಣ್ಯ ಇಲಾಖೆಯ ಲೈಸನ್ಸ್ ಬೇಕು. 1996ರ ಡಿಸೆಂಬರಿನ ಸುಪ್ರೀಂ ಕೋರ್ಟಿನ ಗೋದಾವರ್ಮನ್ ಆದೇಶದ ನಂತರ ಅದು ಸುಲಭವಿಲ್ಲ. ಮರ ಕಡಿಯಲೂ 1976ರ ಮರ ಸಂರಕ್ಷಣಾ ಕಾಯ್ದೆ ಉಂಟು. ಅರ್ಜಿ ಹಾಕಿ ಉತ್ತರ ಬರುವವರೆಗೆ ಸಂಘದ ಒಂದು ರೂಪಾಯಿಯೂ ಯಂತ್ರಕ್ಕೆ ಹೋಗಬಾರದು ಎಂದು ನನ್ನ ಅಭಿಪ್ರಾಯ. ಕೆಲವು ನಿರ್ದೇಶಕರಿಗೆ ಇದು ಇಷ್ಟವಾಗಲಿಕ್ಕಿಲ್ಲ, ಇರಲಿ.

ಅಷ್ಟರಲ್ಲಿ ಲೈಸನ್ಸ್ ಇರುವ, ತೆಳು ಬ್ಲೇಡಿನ ಮಿಲ್ಲು ಎಲ್ಲಿದೆ ಎಂದು ಹುಡುಕಿ, ಬಾಡಿಗೆ ಕೊಟ್ಟು ಒಂದು ದಿಮ್ಮಿ ಕೊಯ್ಯಿಸೋಣ. ಹಲಗೆಯನ್ನು ವೀಣೆ ಮಾಡುವವರ ಕೈಗೆ ಕೊಟ್ಟು ತಟ್ಟಿಸೋಣ. ನನ್ನ ತೋಟದ ಬದಿಯಲ್ಲಿ ಇನ್ನೊಂದು ಹಲಸು ಉಂಟು, ಅದೂ ಅಪ್ಪ ನೆಟ್ಟದ್ದೇ. ಅನುಮತಿ ಸಿಕ್ಕಿದರೆ ಪರೀಕ್ಷೆಗೆ ಅದನ್ನೇ ಕೊಡುತ್ತೇನೆ. ಲಾರಿ ಗೇಟಿನವರೆಗೆ ಬರುತ್ತದೆ.